ನವೆಂಬರ್‌ನ ಆ ಹೆಚ್ಚುವರಿ ಗಂಟೆ: ಮೇನ್‌ಫ್ರೇಮ್ ನಿಲ್ಲಿಸಬೇಕಾ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೂತು ನ್ಯೂಯಾರ್ಕ್ ಸಮಯದಲ್ಲಿ ನಡೆಯುವ ಒಂದು ವಿಮಾ ಕಂಪನಿಯ ಮೇನ್‌ಫ್ರೇಮ್ (ದೊಡ್ಡ ಕೇಂದ್ರ ಕಂಪ್ಯೂಟರ್) ನೋಡಿಕೊಳ್ಳುವ ತಂಡದಲ್ಲಿದ್ದೇನೆ. 2026ರ ನವೆಂಬರ್ 1ಕ್ಕೆ ಅಮೆರಿಕದಲ್ಲಿ ಡೇಲೈಟ್ ಸೇವಿಂಗ್ (ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಮುಗಿಯುತ್ತದೆ, ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಕೆಲಸದ ಹೆಜ್ಜೆಗಳನ್ನು ಬರೆದಿಟ್ಟ ನಮ್ಮ ಹಳೆಯ ರನ್‌ಬುಕ್‌ನಲ್ಲಿ "ಆನ್‌ಲೈನ್ ಸಿಸ್ಟಂಗಳನ್ನು ಒಂದು ಗಂಟೆ ನಿಲ್ಲಿಸಿ" ಅಂತ ಬರೆದಿದೆ. ಇದು ಈಗಲೂ ಬೇಕಾ? ಇನ್ನೊಂದು ವಿಷಯ: ಕಳೆದ ವರ್ಷ ಆ ರಾತ್ರಿಯ ರಿಪೋರ್ಟ್‌ನಲ್ಲಿ, 20 ನಿಮಿಷದಲ್ಲಿ ಮುಗಿಯುವ ಒಂದು ಜಾಬ್ 23 ಗಂಟೆ 20 ನಿಮಿಷ ಓಡಿದೆ ಅಂತ ಬಂದಿತ್ತು. ಅದು ಹೇಗೆ ಸಾಧ್ಯ?

ಉತ್ತರ: ಮೊದಲು ನೇರ ಉತ್ತರ ಕೊಡುತ್ತೇನೆ. ನಿಮ್ಮದು ಇತ್ತೀಚಿನ ಜೆಡ್/ಓಎಸ್ (ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ) ಆಗಿದ್ದು, ಯಂತ್ರದ ಒಳಗಿನ ಗಡಿಯಾರ ಯುಟಿಸಿಯಲ್ಲಿ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಓಡುತ್ತಿದ್ದರೆ, ಆಪರೇಟಿಂಗ್ ಸಿಸ್ಟಂಗಾಗಲಿ ಡೇಟಾಬೇಸ್‌ಗಾಗಲಿ ಒಂದು ಗಂಟೆಯ ವಿರಾಮ ಬೇಕಿಲ್ಲ. ಆದರೆ ನಿಮ್ಮ ಕಂಪನಿಯವರೇ ಬರೆದುಕೊಂಡ ಪ್ರೋಗ್ರಾಂಗಳಿಗೆ ಬೇಕಿರಬಹುದು. ಅದಕ್ಕೇ ಆ ಸಾಲನ್ನು ಸುಮ್ನೆ ಅಳಿಸಬೇಡಿ. ಯಾರ ಸಲುವಾಗಿ ಅದನ್ನು ಬರೆದರು ಅಂತ ಮೊದಲು ಹುಡುಕಿ. ಹುಡುಕುವುದು ಹೇಗೆ ಅನ್ನುವುದೇ ಈ ಉತ್ತರದ ಮುಖ್ಯ ಭಾಗ.

ಯಂತ್ರದ ಒಳಗೆ ಇರುವುದು ಟಿಒಡಿ (ಟೈಮ್ ಆಫ್ ಡೇ) ಗಡಿಯಾರ. ಅದು 64 ಬಿಟ್‌ಗಳ ಒಂದು ಸಂಖ್ಯೆ. 1900ರ ಜನವರಿ 1ರ ಮಧ್ಯರಾತ್ರಿಯಿಂದ ಎಣಿಕೆ ಶುರು. ಬಿಟ್ 51 ಪ್ರತಿ ಮೈಕ್ರೋಸೆಕೆಂಡಿಗೆ ಒಂದು ಸಲ ಮುಂದೆ ಹೋಗುತ್ತದೆ. ಈ ಸಂಖ್ಯೆ 2042ರ ಸೆಪ್ಟೆಂಬರ್ 17ಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಅದು ಬೇರೆಯೇ ತಲೆನೋವು, ಅದಕ್ಕೆ 128 ಬಿಟ್‌ಗಳ ಉದ್ದದ ರೂಪ ಈಗಾಗಲೇ ಇದೆ. ಇಲ್ಲಿ ನಮಗೆ ಬೇಕಾದ್ದು ಒಂದೇ ಗುಣ: ಟಿಒಡಿ ಬೈಕಿನ ಓಡೋಮೀಟರ್ ಥರ, ಮುಂದಕ್ಕೆ ಮಾತ್ರ ಹೋಗಬೇಕು. ಬೇಸಿಗೆ, ಚಳಿಗಾಲ, ನ್ಯೂಯಾರ್ಕ್, ಲಂಡನ್ ಯಾವುದೂ ಅದಕ್ಕೆ ಗೊತ್ತಿಲ್ಲ.

ಹಾಗಾದರೆ ಪರದೆಯ ಮೇಲೆ ಕಾಣುವ ಸ್ಥಳೀಯ ಸಮಯ ಎಲ್ಲಿಂದ ಬಂತು? ಜೆಡ್/ಓಎಸ್ ತನ್ನ ಬಳಿ ಒಂದು ವ್ಯತ್ಯಾಸವನ್ನು ಇಟ್ಟುಕೊಂಡಿರುತ್ತದೆ. ನ್ಯೂಯಾರ್ಕ್‌ನ ಚಳಿಗಾಲಕ್ಕೆ ಅದು ಪಶ್ಚಿಮಕ್ಕೆ 5 ಗಂಟೆ, ಬೇಸಿಗೆಗೆ 4 ಗಂಟೆ. ಯಾರಾದರೂ ಸಮಯ ಕೇಳಿದಾಗ ಟಿಒಡಿಯಿಂದ ಈ ವ್ಯತ್ಯಾಸ ಕಳೆದು ಉತ್ತರ ಕೊಡುತ್ತದೆ. ಡೇಲೈಟ್ ಸೇವಿಂಗ್ ಅಂದರೆ ಮೇನ್‌ಫ್ರೇಮ್ ಮಟ್ಟಿಗೆ ಇಷ್ಟೇ: ಆ 5 ಅನ್ನು 4 ಮಾಡುವುದು, 4 ಅನ್ನು 5 ಮಾಡುವುದು. ಕನ್ಸೋಲ್‌ನಲ್ಲಿ "ಡಿ ಟಿ" ಕಮಾಂಡ್ ಕೊಟ್ಟು ನೋಡಿ. ಸ್ಥಳೀಯ ಸಮಯ ಮತ್ತು ಯುಟಿಸಿ ಎರಡೂ ಅಲ್ಲೇ ಬರುತ್ತವೆ. ಎರಡೂ ಒಂದೇ ಆಗಿದ್ದು, ನಿಮ್ಮ ಕಂಪನಿ ಇರುವುದು ನ್ಯೂಯಾರ್ಕ್‌ನಲ್ಲಿ ಅಂದರೆ, ಇಲ್ಲಿಗೇ ನಿಲ್ಲಿ. ಯಾವುದೋ ಕಾಲದಲ್ಲಿ ಯಾರೋ ಟಿಒಡಿಯನ್ನೇ ಸ್ಥಳೀಯ ಸಮಯಕ್ಕೆ ಕೂರಿಸಿದ್ದಾರೆ ಅಂತ ಅರ್ಥ.

ಆ ಪದ್ಧತಿ ಹಿಂದೆ ತುಂಬಾ ಕಡೆ ಇತ್ತು. ವ್ಯತ್ಯಾಸವನ್ನು ಸೊನ್ನೆ ಅಂತ ಬರೆದು, ಗಡಿಯಾರವನ್ನೇ ಊರಿನ ಸಮಯಕ್ಕೆ ಇಡುತ್ತಿದ್ದರು. ಲೆಕ್ಕ ಸುಲಭ ಅನ್ನಿಸುತ್ತಿತ್ತು. ನವೆಂಬರ್ ಬದಲಾವಣೆಗೆ ಅಂಥ ಕಡೆ ಬೇರೆ ದಾರಿಯೇ ಇರಲಿಲ್ಲ. ಎಲ್ಲವನ್ನೂ ನಿಲ್ಲಿಸಿ, ಒಂದು ಗಂಟೆ ಕಾದು, ಗಡಿಯಾರ ಹಿಂದಿಟ್ಟು, ಮತ್ತೆ ಐಪಿಎಲ್ ಮಾಡಬೇಕಿತ್ತು, ಅಂದರೆ ಸಿಸ್ಟಂ ಅನ್ನು ಹೊಸದಾಗಿ ಶುರು ಮಾಡಬೇಕಿತ್ತು. ಕಾಯದೆ ಹೋದರೆ ಈಗಾಗಲೇ ಬರೆದ ಲಾಗ್‌ಗಳ ಮೇಲೆ ಅದೇ ಸಮಯದ ಹೊಸ ಲಾಗ್‌ಗಳು ಬರುತ್ತಿದ್ದವು. ಡೇಟಾಬೇಸ್ ರಿಕವರಿ ಮಾಡುವಾಗ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳುವವರೇ ಇಲ್ಲ.

ಇನ್ನೊಂದು ಕಾರಣ ಐಎಂಎಸ್ ಅನ್ನುವ ಹಳೆಯ ಡೇಟಾಬೇಸ್ ಸಿಸ್ಟಂ. ಅದರ ಹಳೆಯ ಆವೃತ್ತಿಗಳು ಲಾಗ್ ಮತ್ತು ರಿಕಾನ್ (ರಿಕವರಿಯ ಮಾಹಿತಿ ಇಡುವ) ಫೈಲ್‌ಗಳಲ್ಲಿ ಸ್ಥಳೀಯ ಸಮಯವನ್ನೇ ಬರೆಯುತ್ತಿದ್ದವು. ಹಾಗಾಗಿ ಟಿಒಡಿ ಸರಿಯಾಗಿ ಯುಟಿಸಿಯಲ್ಲಿದ್ದ ಕಡೆಯೂ ಐಎಂಎಸ್ ಅನ್ನು ಆ ಒಂದು ಗಂಟೆ ನಿಲ್ಲಿಸಲೇಬೇಕಿತ್ತು. 6ನೇ ಆವೃತ್ತಿಯಿಂದ ಅದು ಯುಟಿಸಿಗೆ ಬಂತು, ತೊಂದರೆ ಹೋಯಿತು. ನಿಮ್ಮ ರನ್‌ಬುಕ್‌ನ ಸಾಲು ಈ ಎರಡರಲ್ಲಿ ಒಂದರಿಂದ ಬಂದಿರುವ ಸಾಧ್ಯತೆ ಜಾಸ್ತಿ. ಕಾರಣ ಹೋದರೂ ಸಾಲು ಉಳಿದಿದೆ.

ಈಗ ಆ 23 ಗಂಟೆ 20 ನಿಮಿಷದ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇದೇ. ಜಾಬ್ ಶುರುವಾದದ್ದು, ಉದಾಹರಣೆಗೆ, 1:50ಕ್ಕೆ ಅಂತ ಇಟ್ಟುಕೊಳ್ಳಿ. ಹತ್ತು ನಿಮಿಷ ಕಳೆದು 2:00 ಆಗುವ ಹೊತ್ತಿಗೆ ಸಮಯ ಹಿಂದಕ್ಕೆ ಹೋಗಿ ಮತ್ತೆ 1:00 ಆಯಿತು. ಇನ್ನೂ ಹತ್ತು ನಿಮಿಷ ಓಡಿ ಜಾಬ್ ಮುಗಿದಾಗ ಗಡಿಯಾರದಲ್ಲಿ 1:10. ಎಸ್‌ಎಂಎಫ್ (ಸಿಸ್ಟಂ ತನ್ನ ಕೆಲಸಗಳ ಬಗ್ಗೆ ತಾನೇ ಬರೆದಿಡುವ) ದಾಖಲೆಯ ತಲೆಭಾಗದಲ್ಲಿ ಇರುವುದು ಸ್ಥಳೀಯ ಸಮಯ, ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡಿನ ನೂರನೇ ಭಾಗಗಳಲ್ಲಿ. ಜಾಬ್ ಯಾವಾಗ ಶುರುವಾಯಿತು ಅನ್ನುವುದೂ ಅದೇ ರೀತಿ ಸ್ಥಳೀಯ ಸಮಯದಲ್ಲೇ ದಾಖಲಾಗಿರುತ್ತದೆ. ನಿಮ್ಮ ರಿಪೋರ್ಟ್ ಪ್ರೋಗ್ರಾಂ 1:10ರಿಂದ 1:50 ಕಳೆಯಿತು. ಮೈನಸ್ 40 ನಿಮಿಷ ಬಂತು.

ಇಲ್ಲಿ ಆ ಪ್ರೋಗ್ರಾಂ ಬರೆದವರ ಜಾಣತನವೇ ಅಡ್ಡ ಬಂದಿದೆ. ರಾತ್ರಿ 11:50ಕ್ಕೆ ಶುರುವಾಗಿ 12:10ಕ್ಕೆ ಮುಗಿಯುವ ಜಾಬ್‌ಗಳಿಗೂ ಲೆಕ್ಕ ಮೈನಸ್ ಬರುತ್ತದೆ. ಅದಕ್ಕಾಗಿ ಅವರು "ಮೈನಸ್ ಬಂದರೆ 24 ಗಂಟೆ ಸೇರಿಸು" ಅಂತ ಒಂದು ಸಾಲು ಹಾಕಿದ್ದಾರೆ. 364 ದಿನ ಅದು ಸರಿಯಾಗಿಯೇ ಕೆಲಸ ಮಾಡುತ್ತದೆ. ನವೆಂಬರ್‌ನ ಆ ಒಂದು ರಾತ್ರಿ ಮೈನಸ್ 40 ನಿಮಿಷಕ್ಕೆ 24 ಗಂಟೆ ಸೇರಿ 23 ಗಂಟೆ 20 ನಿಮಿಷ ಆಗುತ್ತದೆ. ಇಂಥ ಸಾಲುಗಳು ಹಳೆಯ ಕೋಬಾಲ್‌ನಲ್ಲಿ, ಸಾಸ್ ಪ್ರೋಗ್ರಾಂಗಳಲ್ಲಿ, ರೆಕ್ಸ್ ಸ್ಕ್ರಿಪ್ಟ್‌ಗಳಲ್ಲಿ ಬೇಕಾದಷ್ಟು ಸಿಗುತ್ತವೆ. ರಿಪೋರ್ಟ್‌ನಲ್ಲಿದ್ದರೆ ಬರೀ ಗೊಂದಲ. ಅದೇ ಸಾಲು ಗ್ರಾಹಕರಿಗೆ ಬಳಕೆಯ ಸಮಯದ ಮೇಲೆ ಬಿಲ್ ಹಾಕುವ ಪ್ರೋಗ್ರಾಂನಲ್ಲಿದ್ದರೆ ಹಣದ ವಿಷಯ. ಸರಿಪಡಿಸುವುದಾದರೆ ಆ ಸಾಲಿಗೆ ಇನ್ನೊಂದು ತೇಪೆ ಹಾಕಬೇಡಿ. ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಮಾಡುವ ಕಡೆಯೆಲ್ಲ ಯುಟಿಸಿ ಅಥವಾ ನೇರ ಟಿಒಡಿ ಬೆಲೆಯನ್ನೇ ತೆಗೆದುಕೊಳ್ಳಿ. ಜನರಿಗೆ ತೋರಿಸುವಾಗ ಮಾತ್ರ ಸ್ಥಳೀಯ ಸಮಯಕ್ಕೆ ಬದಲಾಯಿಸಿ.

ಮಾರ್ಚ್‌ನಲ್ಲಿ ಇದರ ಉಲ್ಟಾ ಆಗುತ್ತದೆ. 1:50ಕ್ಕೆ ಶುರುವಾದ ಅದೇ ಜಾಬ್ 3:10ಕ್ಕೆ ಮುಗಿಯುತ್ತದೆ, 1 ಗಂಟೆ 20 ನಿಮಿಷ ಅಂತ ತೋರಿಸುತ್ತದೆ. ಸಂಖ್ಯೆ ನೋಡಿದರೆ ನಂಬುವ ಹಾಗೇ ಇರುತ್ತದೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಗಡುವು ಮೀರಿತು ಅಂತ ಯಾರೋ ವಿವರಣೆ ಕೇಳುತ್ತಾರೆ, ಇನ್ಯಾರೋ ಇಲ್ಲದ ತೊಂದರೆಗೆ ಕಾರಣ ಹುಡುಕುತ್ತಾ ಕೂರುತ್ತಾರೆ.

ಇನ್ನು ವ್ಯತ್ಯಾಸವನ್ನು ಬದಲಾಯಿಸುವವರು ಯಾರು? ಇದಕ್ಕೆ ಎರಡು ದಾರಿ. ಈಗಿನ ಯಂತ್ರಗಳಲ್ಲಿ ಎಸ್‌ಟಿಪಿ, ಅಂದರೆ ಸರ್ವರ್ ಟೈಮ್ ಪ್ರೋಟೋಕಾಲ್, ಎಲ್ಲ ಯಂತ್ರಗಳ ಟಿಒಡಿಯನ್ನು ಒಂದೇ ಸಮಯಕ್ಕೆ ಹಿಡಿದಿಡುತ್ತದೆ. ಯಂತ್ರವನ್ನು ನಿಯಂತ್ರಿಸುವ ಕನ್ಸೋಲ್ ಆದ ಎಚ್‌ಎಂಸಿಯ ಪರದೆಯಲ್ಲಿ ಟೈಮ್‌ಜೋನ್ ಆರಿಸಿ, ಡೇಲೈಟ್ ಸೇವಿಂಗ್ ತಾನಾಗಿಯೇ ಬದಲಾಗಲಿ ಅಂತ ಇಡಬಹುದು. ಪಾರ್ಮ್‌ಲಿಬ್‌ನ (ಸಿಸ್ಟಂ ಸೆಟ್ಟಿಂಗ್‌ಗಳ ಲೈಬ್ರರಿಯ) ಕ್ಲಾಕ್ ಮೆಂಬರ್‌ನಲ್ಲಿ ಎಸ್‌ಟಿಪಿಜೋನ್ ಯೆಸ್ ಅಂತಿದ್ದರೆ ಆ ಎಲ್‌ಪಾರ್ (ಒಂದೇ ಯಂತ್ರದೊಳಗೆ ಪ್ರತ್ಯೇಕವಾಗಿ ಓಡುವ ಭಾಗ) ಎಸ್‌ಟಿಪಿ ಹೇಳಿದ ವ್ಯತ್ಯಾಸವನ್ನೇ ತೆಗೆದುಕೊಳ್ಳುತ್ತದೆ. ಆ ರಾತ್ರಿ ಯಾರೂ ಏನೂ ಮಾಡಬೇಕಿಲ್ಲ.

ಆದರೆ ಒಂದೇ ಯಂತ್ರದಲ್ಲಿ ನ್ಯೂಯಾರ್ಕ್ ಸಮಯದ ಒಂದು ಎಲ್‌ಪಾರ್, ಷಿಕಾಗೋ ಸಮಯದ ಇನ್ನೊಂದು ಎಲ್‌ಪಾರ್ ಇದ್ದರೆ? ಅಂಥ ಕಡೆ ಎಸ್‌ಟಿಪಿಜೋನ್ ನೋ ಅಂತಿಟ್ಟು, ಕ್ಲಾಕ್ ಮೆಂಬರ್‌ನಲ್ಲೇ ಟೈಮ್‌ಜೋನ್ ಡಬ್ಲ್ಯು.05.00.00 ಅಂತ ಬರೆದಿರುತ್ತಾರೆ. ಆಗ ತಾನಾಗಿಯೇ ಏನೂ ಆಗುವುದಿಲ್ಲ. ಆಪರೇಟರ್ ಅಥವಾ ಆಟೊಮೇಷನ್ ಸೆಟ್ ಟೈಮ್‌ಜೋನ್ ಕಮಾಂಡ್ ಕೊಡಬೇಕು. ಇಲ್ಲಿ ಜನ ಬೀಳುವ ಗುಂಡಿ ಒಂದಿದೆ. ಕಮಾಂಡ್ ಓಡುತ್ತಿರುವ ಸಿಸ್ಟಂ ಅನ್ನು ಮಾತ್ರ ಬದಲಾಯಿಸುತ್ತದೆ. ಕ್ಲಾಕ್ ಮೆಂಬರ್‌ನಲ್ಲಿ ಹಳೆಯ ಬೆಲೆ ಹಾಗೇ ಉಳಿದಿದ್ದರೆ, ಮೂರು ವಾರ ಬಿಟ್ಟು ಬೇರೆ ಯಾವುದೋ ಕಾರಣಕ್ಕೆ ಐಪಿಎಲ್ ಮಾಡಿದಾಗ ಸಿಸ್ಟಂ ಒಂದು ಗಂಟೆ ತಪ್ಪಾಗಿ ಏಳುತ್ತದೆ. ಆಗ ಯಾರಿಗೂ ಡೇಲೈಟ್ ಸೇವಿಂಗ್ ನೆನಪೇ ಇರುವುದಿಲ್ಲ. ಕಮಾಂಡ್ ಮತ್ತು ಮೆಂಬರ್ ತಿದ್ದುಪಡಿ ಎರಡನ್ನೂ ಒಂದೇ ಚೇಂಜ್ ಟಿಕೆಟ್‌ನಲ್ಲಿ ಹಾಕಿ, ಬೇರೆ ಬೇರೆ ಮಾಡಬೇಡಿ.

ಸೆಟ್ ಕ್ಲಾಕ್ ಅಂತ ಇನ್ನೊಂದು ಕಮಾಂಡ್ ಇದೆ. ಅದೂ ಟಿಒಡಿಯನ್ನು ಮುಟ್ಟುವುದಿಲ್ಲ, ಸ್ಥಳೀಯ ಸಮಯವನ್ನಷ್ಟೇ ಬದಲಾಯಿಸುತ್ತದೆ. ಆದರೆ ಕೈಯಲ್ಲಿ ಟೈಪ್ ಮಾಡಿದ ಸಮಯಕ್ಕೂ ನಿಜವಾದ ಸಮಯಕ್ಕೂ ಕೆಲವು ಸೆಕೆಂಡು ವ್ಯತ್ಯಾಸ ಬಂದೇ ಬರುತ್ತದೆ. ಒಟ್ಟಿಗೆ ಕೆಲಸ ಮಾಡುವ ಗುಂಪಾದ ಸಿಸ್‌ಪ್ಲೆಕ್ಸ್‌ನ ನಾಲ್ಕು ಎಲ್‌ಪಾರ್‌ಗಳಲ್ಲಿ ಹೀಗೆ ಮಾಡಿದರೆ ನಾಲ್ಕೂ ನಾಲ್ಕು ಸಮಯ ಹೇಳುತ್ತವೆ. ಡೇಲೈಟ್ ಸೇವಿಂಗ್‌ಗೆ ಅದನ್ನು ಬಳಸಬೇಡಿ.

ಟಿಒಡಿಯನ್ನೇ ಒಂದು ಗಂಟೆ ಸರಿಸೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಗಟ್ಟಿಯಾಗಿ ಬೇಡ ಅನ್ನಿ. ಎಸ್‌ಟಿಪಿ ಓಡುತ್ತಿರುವಾಗ ಸಮಯವನ್ನು ತಿದ್ದುವ ಸೌಲಭ್ಯ ಇರುವುದು ಹೆಚ್ಚೆಂದರೆ 60 ಸೆಕೆಂಡಿಗೆ. ಅದೂ ತುಂಬಾ ನಿಧಾನವಾಗಿ, ಒಂದು ಸೆಕೆಂಡು ಸರಿಯಲು ಸುಮಾರು 7 ಗಂಟೆ ಹಿಡಿಯುತ್ತದೆ. ಯಂತ್ರ ಕಟ್ಟಿದವರೇ ಟಿಒಡಿಯನ್ನು ಇಷ್ಟು ಎಚ್ಚರದಿಂದ ಕಾಯುತ್ತಾರೆ. ಅದರ ಮೇಲೆ ಎಷ್ಟೊಂದು ಲಾಗ್‌ಗಳು ನಿಂತಿವೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಸಬ್‌ಸಿಸ್ಟಂಗಳಲ್ಲಿ ನೀವು ಜಾಸ್ತಿ ಗಮನ ಕೊಡಬೇಕಾದ್ದು ಆನ್‌ಲೈನ್ ಟ್ರಾನ್ಸಾಕ್ಷನ್‌ಗಳನ್ನು ನಡೆಸುವ ಸಿಐಸಿಎಸ್‌ಗೆ. ಅದು ತನ್ನದೇ ಒಂದು ಸ್ಥಳೀಯ ಸಮಯವನ್ನು ಇಟ್ಟುಕೊಂಡಿರುತ್ತದೆ. ಜೆಡ್/ಓಎಸ್ ವ್ಯತ್ಯಾಸ ಬದಲಾಯಿಸಿದರೂ ಸಿಐಸಿಎಸ್ ಮಧ್ಯರಾತ್ರಿಯವರೆಗೆ ಹಳೆಯ ಸಮಯದಲ್ಲೇ ಇರಬಹುದು. ಅಂದರೆ ಭಾನುವಾರ ಇಡೀ ದಿನ ಒಂದು ಗಂಟೆ ತಪ್ಪು. ಸಿಇಎಂಟಿ ಪರ್ಫಾರ್ಮ್ ರೀಸೆಟ್ ಕಮಾಂಡ್ ಕೊಟ್ಟರೆ ಅದು ಹೊಸ ಸಮಯಕ್ಕೆ ಬರುತ್ತದೆ. ಆದರೆ ನಿಮ್ಮಲ್ಲಿ ಎಷ್ಟು ರೀಜನ್‌ಗಳಿವೆ, ಅಂದರೆ ಎಷ್ಟು ಸಿಐಸಿಎಸ್‌ಗಳು ಬೇರೆ ಬೇರೆಯಾಗಿ ಓಡುತ್ತಿವೆ? ಪ್ರತಿಯೊಂದಕ್ಕೂ ಕೊಡಬೇಕು. ಅದಕ್ಕಾಗಿಯೇ ಆಟೋರೀಸೆಟ್‌ಟೈಮ್ ಅನ್ನುವ ಶುರುವಿನ ಪ್ಯಾರಾಮೀಟರ್ ಇದೆ. ಅದನ್ನು ಇಮ್ಮೀಡಿಯೇಟ್ ಅಂತಿಟ್ಟರೆ ಸಿಐಸಿಎಸ್ ವ್ಯತ್ಯಾಸ ಗಮನಿಸಿದ ಕೂಡಲೇ ತಾನೇ ಸರಿಹೋಗುತ್ತದೆ. ನಿಮ್ಮ ಎಲ್ಲ ರೀಜನ್‌ಗಳಲ್ಲಿ ಅದು ಹೇಗಿದೆ ಅಂತ ಈ ವಾರವೇ ನೋಡಿ.

ಸಿಐಸಿಎಸ್ ಪ್ರೋಗ್ರಾಂಗಳಲ್ಲಿ ಇನ್ನೊಂದು ಅಡಗಿದ ತೊಂದರೆ ಇದೆ. ಸಮಯ ಕೇಳುವ ಆಸ್ಕ್‌ಟೈಮ್ ಕಮಾಂಡ್ ಕೊಡುವ ಆಬ್ಸ್‌ಟೈಮ್ ಬೆಲೆ 1900ರಿಂದ ಎಣಿಸಿದ ಮಿಲಿಸೆಕೆಂಡುಗಳು. ಹೆಸರು ಕೇಳಿದರೆ ಯಾವ ಟೈಮ್‌ಜೋನ್‌ಗೂ ಸೇರದ ಸಮಯ ಅನ್ನಿಸುತ್ತದೆ, ಅಲ್ವಾ? ಅದು ಸ್ಥಳೀಯ ಸಮಯವೇ. ಎರಡು ಆಬ್ಸ್‌ಟೈಮ್ ಬೆಲೆಗಳನ್ನು ಕಳೆದು "ಈ ಸೆಷನ್ ಇಷ್ಟು ಹೊತ್ತು ಸುಮ್ಮನಿತ್ತು" ಅಂತ ತೀರ್ಮಾನ ಮಾಡುವ ಪ್ರೋಗ್ರಾಂ, ಮಾರ್ಚ್‌ನ ಆ ಕ್ಷಣದಲ್ಲಿ ಎಲ್ಲರನ್ನೂ ಒಟ್ಟಿಗೆ ಲಾಗ್ ಆಫ್ ಮಾಡಬಹುದು.

ಡೇಟಾಬೇಸ್ ಆದ ಡಿಬಿ2 ವಿಷಯದಲ್ಲಿ ನಿಶ್ಚಿಂತೆಯಾಗಿರಿ. ಅದರ ಲಾಗ್ ಕ್ರಮ ನಿಂತಿರುವುದು ಆರ್‌ಬಿಎ (ಲಾಗ್‌ನಲ್ಲಿನ ಸ್ಥಾನದ ಸಂಖ್ಯೆ) ಮೇಲೆ. ಹಲವು ಡಿಬಿ2ಗಳು ಒಂದೇ ಡೇಟಾ ಬಳಸುವ ಡೇಟಾ ಶೇರಿಂಗ್ ಇದ್ದರೆ ಎಲ್‌ಆರ್‌ಎಸ್‌ಎನ್ ಅನ್ನುವ ಕ್ರಮಸಂಖ್ಯೆಯ ಮೇಲೆ. ಅದು ಟಿಒಡಿಯಿಂದಲೇ ಬರುತ್ತದೆ. ಸ್ಥಳೀಯ ಸಮಯ ಹಿಂದೆ ಹೋದರೆ ಡಿಬಿ2 ಕ್ಯಾರೇ ಅನ್ನುವುದಿಲ್ಲ. ಆದರೆ ಇಮೇಜ್ ಕಾಪಿ, ಅಂದರೆ ಬ್ಯಾಕಪ್‌ಗಳ ದಾಖಲೆ ಇರುವ ಸಿಸ್‌ಕಾಪಿ ಟೇಬಲ್‌ನಲ್ಲಿ ಕಾಣುವ ಸಮಯ ಸ್ಥಳೀಯ. ಆ ರಾತ್ರಿ ಎರಡು ಇಮೇಜ್ ಕಾಪಿಗಳು 1:15 ಮತ್ತು 1:40 ಅಂತ ತೋರಿಸಿದರೆ, 1:15ರದ್ದೇ ಆಮೇಲಿನದ್ದಾಗಿರಬಹುದು. ಹಾಗಾಗಿ ಆ ಒಂದು ಗಂಟೆಯ ಯಾವುದೇ ಬಿಂದುವಿಗೆ ರಿಕವರಿ ಮಾಡಬೇಕಾಗಿ ಬಂದರೆ ಗಡಿಯಾರ ನೋಡಬೇಡಿ, ಲಾಗ್ ಪಾಯಿಂಟ್ ಕೊಟ್ಟೇ ಮಾಡಿ. ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಎಂಕ್ಯೂವಿನ ಸಂದೇಶದ ತಲೆಭಾಗದ ದಿನಾಂಕ, ಸಮಯ ಮೊದಲಿನಿಂದಲೂ ಜಿಎಂಟಿಯಲ್ಲೇ (ಇಲ್ಲಿ ಯುಟಿಸಿ ಅಂತಲೇ ತಿಳಿಯಿರಿ) ಇವೆ. ಅಲ್ಲಿ ಚಿಂತೆಯಿಲ್ಲ.

ಜೆಡ್/ಓಎಸ್ ಒಳಗಿನ ಯುನಿಕ್ಸ್ ಭಾಗವಾದ ಯುನಿಕ್ಸ್ ಸಿಸ್ಟಂ ಸರ್ವಿಸಸ್ ಕಡೆ ಕಥೆ ಬೇರೆ. ಅಲ್ಲಿನ ಸಿ ಪ್ರೋಗ್ರಾಂಗಳು ಜೆಡ್/ಓಎಸ್ ಇಟ್ಟುಕೊಂಡ ವ್ಯತ್ಯಾಸವನ್ನು ಕೇಳುವುದಿಲ್ಲ. ಅವು ಯುಟಿಸಿ ತೆಗೆದುಕೊಂಡು ಟಿಜೆಡ್ ಅನ್ನುವ ಎನ್ವಿರಾನ್ಮೆಂಟ್ ವೇರಿಯಬಲ್ ನೋಡಿ ತಾವೇ ಲೆಕ್ಕ ಹಾಕುತ್ತವೆ. ಟಿಜೆಡ್‌ನಲ್ಲಿ ಇಎಸ್‌ಟಿ5ಇಡಿಟಿ ಅಂತಿದ್ದರೆ ಭಾನುವಾರ ಬೆಳಗಿನ ಜಾವ ಅವು ತಾವಾಗಿಯೇ ಬದಲಾಗುತ್ತವೆ. ಆಪರೇಟರ್ ಸೆಟ್ ಟೈಮ್‌ಜೋನ್ ಕೊಡುವುದನ್ನು ಮರೆತರೆ ಒಂದೇ ಎಲ್‌ಪಾರ್‌ನಲ್ಲಿ ಬ್ಯಾಚ್ ಜಾಬ್ ಒಂದು ಸಮಯ, ಯುನಿಕ್ಸ್ ಪ್ರೋಗ್ರಾಂ ಇನ್ನೊಂದು ಸಮಯ ಹೇಳುತ್ತವೆ. ಜಾವಾ ಮೂರನೆಯದು. ಅದರ ಹತ್ತಿರ ಲೋಕದ ಎಲ್ಲ ಟೈಮ್‌ಜೋನ್‌ಗಳ ತನ್ನದೇ ಪಟ್ಟಿ ಇರುತ್ತದೆ. ಪಟ್ಟಿ ಹಳತಾಗಿದ್ದರೆ ಲೆಕ್ಕವೂ ಹಳತು. ಟಿಜೆಡ್ ಬೆಲೆ ಎಷ್ಟೋ ಕಡೆ ಇರಬಹುದು: ಇಟಿಸಿ ಪ್ರೊಫೈಲ್‌ನಲ್ಲಿ, ಇನಿಟ್ ಆಪ್ಷನ್ಸ್‌ನಲ್ಲಿ, ಲ್ಯಾಂಗ್ವೇಜ್ ಎನ್ವಿರಾನ್ಮೆಂಟ್‌ನ ಪಾರ್ಮ್‌ಲಿಬ್ ಮೆಂಬರ್‌ನಲ್ಲಿ, ಸ್ಟಾರ್ಟೆಡ್ ಟಾಸ್ಕ್‌ಗಳ (ಆಪರೇಟರ್ ಶುರು ಮಾಡುವ, ಸದಾ ಓಡುವ ಕೆಲಸಗಳ) ಜೆಸಿಎಲ್ ಸ್ಕ್ರಿಪ್ಟ್‌ನಲ್ಲಿ. ಎಲ್ಲವನ್ನೂ ಹುಡುಕಿ, ಒಂದೇ ರೀತಿ ಮಾಡಿ. ನಿಯಮವನ್ನು ಪೂರ್ತಿ ಬರೆಯುವುದು ಒಳ್ಳೆಯದು. ಮಾರ್ಚ್‌ನ ಎರಡನೇ ಭಾನುವಾರ, ನವೆಂಬರ್‌ನ ಮೊದಲ ಭಾನುವಾರ ಅನ್ನುವುದು ಅಲ್ಲಿ ಎಂ3.2.0, ಎಂ11.1.0 ಅಂತಾಗುತ್ತದೆ.

ಇಷ್ಟೆಲ್ಲ ತಯಾರಕರು ನೋಡಿಕೊಂಡ ಭಾಗ. ನಿಮ್ಮ ನಿಜವಾದ ಕೆಲಸ ಇರುವುದು ನಿಮ್ಮದೇ ಅಪ್ಲಿಕೇಷನ್‌ಗಳಲ್ಲಿ. ಹುಡುಕಬೇಕಾದ್ದು ಏನು? ಸ್ಥಳೀಯ ಸಮಯವನ್ನು ಕೀ ಆಗಿ, ಹೆಸರಾಗಿ, ಕ್ರಮವಾಗಿ ಅಥವಾ ಅಳತೆಯಾಗಿ ಬಳಸಿದ ಪ್ರತಿಯೊಂದು ಜಾಗ.

ಕೀ ಅಂದರೆ, ಟೇಬಲ್‌ನ ಪ್ರೈಮರಿ ಕೀ ಆಗಿ ಸೆಕೆಂಡಿನವರೆಗಿನ ಸಮಯ ಇಟ್ಟಿರುವುದು. ಎರಡನೇ ಸಲ 1:30 ಬಂದಾಗ ಡಿಬಿ2 ಕೊಡುವ ಎರರ್ ಮೈನಸ್ 803, ಡೂಪ್ಲಿಕೇಟ್ ಕೀ. ಮೈಕ್ರೋಸೆಕೆಂಡು ಇದ್ದರೆ ಡಿಕ್ಕಿ ಅಪರೂಪ, ಆದರೆ ಕ್ರಮ ಹಾಳಾಗುವುದು ಖಚಿತ. "ಈ ಪಾಲಿಸಿಯ ಕೊನೆಯ ಸ್ಥಿತಿ ಯಾವುದು" ಅಂತ ದೊಡ್ಡ ಟೈಮ್‌ಸ್ಟ್ಯಾಂಪ್ ಹುಡುಕುವ ಪ್ರೋಗ್ರಾಂ ಹಳೆಯ ಸ್ಥಿತಿಯನ್ನೇ ಹಿಡಿದು ತರುತ್ತದೆ. ಎರರ್ ಬರುವುದಿಲ್ಲ, ಅಬೆಂಡ್ ಆಗುವುದಿಲ್ಲ (ಪ್ರೋಗ್ರಾಂ ಮಧ್ಯದಲ್ಲಿ ಬೀಳುವುದಿಲ್ಲ). ವಿಮಾ ಕಂಪನಿಯಲ್ಲಿ ಕೆಲಸ ಮಾಡುವ ನಿಮಗೆ ಇದರ ಅಪಾಯ ವಿವರಿಸಬೇಕಿಲ್ಲ. ನನ್ನನ್ನು ಕೇಳಿದರೆ, ಪರೀಕ್ಷೆಗೆ ಇರುವ ಸಮಯದಲ್ಲಿ ಅರ್ಧವನ್ನು ಈ ಒಂದು ತಪ್ಪು ಹುಡುಕಲು ಇಡಿ. ಡಿಬಿ2ನಲ್ಲಿ ಕರೆಂಟ್ ಟೈಮ್‌ಸ್ಟ್ಯಾಂಪ್‌ನಿಂದ ಕರೆಂಟ್ ಟೈಮ್‌ಜೋನ್ ಕಳೆದರೆ ಯುಟಿಸಿ ಸಿಗುತ್ತದೆ. ಹೊಸ ಟೇಬಲ್‌ಗಳಿಗೆ ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಜೋನ್ ಇದೆ, ಅದು ಡಿಬಿ2ರ 10ನೇ ಆವೃತ್ತಿಯಲ್ಲೇ ಬಂತು. ಬರೀ ಬೇರೆ ಬೇರೆಯಾಗಿರುವ ಕೀ ಸಾಕು ಅಂದರೆ ಜನರೇಟ್ ಯುನೀಕ್ ಫಂಕ್ಷನ್ ಇದೆ. ಅದು ಯುಟಿಸಿಯಿಂದ ಹುಟ್ಟುವ ಬೆಲೆ.

ಹೆಸರು ಅಂದರೆ, ಡೇಟಾಸೆಟ್ ಹೆಸರಿನಲ್ಲಿ ಡಿ26305.ಟಿ0130 ಅಂತ ದಿನ, ಗಂಟೆ, ನಿಮಿಷ ಸೇರಿಸುವುದು. ಎರಡನೇ ಸಲ ಅದೇ ಹೆಸರು ಬಂದಾಗ ಡೇಟಾಸೆಟ್ ಆಗಲೇ ಇದೆ ಅಂತ ಜಾಬ್ ಬೀಳುತ್ತದೆ, ಇಲ್ಲವೇ ಕ್ಯಾಟಲಾಗ್ ಆಗದೆ ಉಳಿಯುತ್ತದೆ. ಸ್ಟಾರ್ಟೆಡ್ ಟಾಸ್ಕ್‌ಗಳಲ್ಲಿ ಸಿಸ್ಟಂ ಸಿಂಬಲ್ ಬಳಸುತ್ತಿದ್ದರೆ ಪರಿಹಾರ ಒಂದೇ ಅಕ್ಷರದ್ದು. ಎಲ್‌ಎಚ್‌ಎಚ್‌ಎಂಎಂಎಸ್‌ಎಸ್ ಸ್ಥಳೀಯ ಸಮಯ, ಮುಂದಿನ ಎಲ್ ತೆಗೆದರೆ ಯುಟಿಸಿ. ದಿನಾಂಕದ ಸಿಂಬಲ್ ಅನ್ನೂ ಜೊತೆಗೇ ಬದಲಾಯಿಸಿ, ಇಲ್ಲದಿದ್ದರೆ ದಿನ ನ್ಯೂಯಾರ್ಕಿನದು, ಗಂಟೆ ಯುಟಿಸಿಯದು ಆಗುತ್ತದೆ.

ಅಳತೆಯ ಬಗ್ಗೆ ಆಗಲೇ ಹೇಳಿದೆ. ಅದಕ್ಕೆ ಸೇರಿದ ಇನ್ನೊಂದು ಮಾತು: ಆ ದಿನಕ್ಕೆ 25 ಗಂಟೆ, ಮಾರ್ಚ್‌ನ ದಿನಕ್ಕೆ 23. ಕೋಬಾಲ್‌ನಲ್ಲಿ ಗಂಟೆಗೊಂದರಂತೆ ಆಕರ್ಸ್ 24 ಟೈಮ್ಸ್ ಅಂತ ಟೇಬಲ್ ಮಾಡಿಕೊಂಡಿದ್ದರೆ 1 ಗಂಟೆಯ ಮನೆಗೆ ಎರಡು ಸಲ ಬೆಲೆ ಬರುತ್ತದೆ. ಕೂಡಿಸುವ ಪ್ರೋಗ್ರಾಂ ಆದರೆ ಆ ಗಂಟೆ ದುಪ್ಪಟ್ಟಾಗುತ್ತದೆ. ಮೂವ್ ಮಾಡುವ ಪ್ರೋಗ್ರಾಂ ಆದರೆ ಮೊದಲ ಗಂಟೆಯ ಲೆಕ್ಕವೇ ಅಳಿಸಿಹೋಗುತ್ತದೆ. ವಿದ್ಯುತ್ ಕಂಪನಿಗಳ ಮೀಟರ್ ಲೆಕ್ಕದಲ್ಲಿ ಇದು ನೇರವಾಗಿ ಬಿಲ್‌ಗೆ ಹೋಗುವ ವಿಷಯ.

ಕೋಬಾಲ್ ಪ್ರೋಗ್ರಾಂಗಳಿಗೆ ಒಂದು ಸುಲಭದ ದಾರಿ ಇದೆ. ತುಂಬಾ ಜನ ಅದನ್ನು ಬಳಸದೇ ಬಿಡುತ್ತಾರೆ. ಫಂಕ್ಷನ್ ಕರೆಂಟ್-ಡೇಟ್ 21 ಅಕ್ಷರ ಕೊಡುತ್ತದೆ. ಎಲ್ಲರೂ ಮೊದಲ 14 ಅಥವಾ 16 ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಕೊನೆಯ ಐದು ಅಕ್ಷರಗಳಲ್ಲಿ ಜಿಎಂಟಿಯಿಂದ ಇರುವ ವ್ಯತ್ಯಾಸ ಇದೆ. ಮೊದಲ 1:30ಕ್ಕೆ ಅದು ಮೈನಸ್ 0400, ಎರಡನೇ 1:30ಕ್ಕೆ ಮೈನಸ್ 0500. ಆ ಐದು ಅಕ್ಷರಗಳನ್ನು ದಾಖಲೆಯಲ್ಲಿ ಉಳಿಸಿಕೊಂಡರೆ ಎರಡು ಗಂಟೆಗಳನ್ನು ಯಾವತ್ತು ಬೇಕಾದರೂ ಬೇರ್ಪಡಿಸಬಹುದು.

ಇವೆಲ್ಲವನ್ನೂ ಸರಿಪಡಿಸಲು ಒಂದು ಸೀಸನ್ ಸಾಲುವುದಿಲ್ಲ ಅಂತ ನನಗೂ ಗೊತ್ತು. ಹಾಗಾಗಿ ಹುಡುಕಿದಾಗ ಸ್ಥಳೀಯ ಸಮಯವನ್ನು ಕೀ ಅಥವಾ ಕ್ರಮವಾಗಿ ಬಳಸುವ, ಈ ವರ್ಷ ತಿದ್ದಲು ಆಗದ ಒಂದೆರಡು ಅಪ್ಲಿಕೇಷನ್ ಸಿಕ್ಕರೆ, ಅವುಗಳನ್ನು ಮಾತ್ರ ಆ ಒಂದು ಗಂಟೆ ನಿಲ್ಲಿಸಿ. ಭಾನುವಾರ ಬೆಳಗಿನ ಜಾವ 1ರಿಂದ 2ರ ನಡುವೆ ಒಂದು ಟ್ರಾನ್ಸಾಕ್ಷನ್ ಮುಚ್ಚಿಡುವುದರಲ್ಲಿ ನಾಚಿಕೆಯೇನೂ ಇಲ್ಲ. ಇಡೀ ಸಿಸ್ಟಂ ನಿಲ್ಲಿಸುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ಬ್ಯಾಚ್ ಶೆಡ್ಯೂಲರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಒಂದೊಂದು ಶೆಡ್ಯೂಲರ್ ಒಂದೊಂದು ರೀತಿ ನಡೆದುಕೊಳ್ಳುತ್ತದೆ. ಮಾರ್ಚ್‌ನಲ್ಲಿ 2:00ರಿಂದ 3:00ರ ನಡುವಿನ ಸಮಯ ಇರುವುದೇ ಇಲ್ಲ. 2:30ಕ್ಕೆ ಇಟ್ಟ ಜಾಬ್ 3:00ಕ್ಕೆ ಓಡುತ್ತದಾ, ಆ ದಿನ ಬಿಟ್ಟುಹೋಗುತ್ತದಾ? ನವೆಂಬರ್‌ನಲ್ಲಿ 1:30ರ ಜಾಬ್ ಒಂದು ಸಲವಾ, ಎರಡು ಸಲವಾ? ಪ್ರತಿ 15 ನಿಮಿಷಕ್ಕೆ ಓಡುವ ಜಾಬ್ ಒಂದು ಗಂಟೆ ಸುಮ್ಮನಿರುತ್ತದಾ? ನಿಮ್ಮ ಶೆಡ್ಯೂಲರ್‌ನ ಕೈಪಿಡಿಯಲ್ಲಿ ಈ ಮೂರಕ್ಕೂ ಉತ್ತರ ಹುಡುಕಿ, ಆಮೇಲೆ ಟೆಸ್ಟ್ ಎಲ್‌ಪಾರ್‌ನಲ್ಲಿ ಎಸ್‌ಟಿಪಿಜೋನ್ ನೋ ಇಟ್ಟು, ಸೆಟ್ ಟೈಮ್‌ಜೋನ್ ಕೊಟ್ಟು ಕಣ್ಣಾರೆ ನೋಡಿ. ಅದಕ್ಕೆ ನವೆಂಬರ್‌ವರೆಗೆ ಕಾಯಬೇಕಿಲ್ಲ, ಯಾವ ಮಂಗಳವಾರ ಮಧ್ಯಾಹ್ನ ಬೇಕಾದರೂ ಮಾಡಬಹುದು. ಆಗುವುದಾದರೆ ರಾತ್ರಿ 1ರಿಂದ 3ರೊಳಗೆ ಗಡಿಯಾರ ನೋಡಿ ಶುರುವಾಗುವ ಜಾಬ್‌ಗಳನ್ನೇ ಕಡಿಮೆ ಮಾಡಿ. ಹಿಂದಿನ ಜಾಬ್ ಮುಗಿದ ಮೇಲೆ ಶುರುವಾಗುವಂತೆ ಕಟ್ಟಿ.

ಯುರೋಪ್ ಜೊತೆ ಫೈಲ್ ವಿನಿಮಯ ಇದ್ದರೆ ಇನ್ನೊಂದು ಎಚ್ಚರ ಬೇಕು. ಅಲ್ಲಿ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಎಲ್ಲ ಕಡೆ ಒಟ್ಟಿಗೆ ಯುಟಿಸಿ 1 ಗಂಟೆಗೆ. 2026ರಲ್ಲಿ ಅಕ್ಟೋಬರ್ 25ಕ್ಕೆ ಲಂಡನ್ ಬದಲಾಗುತ್ತದೆ, ನವೆಂಬರ್ 1ಕ್ಕೆ ನ್ಯೂಯಾರ್ಕ್. ನಡುವಿನ ವಾರ ಎರಡೂ ಊರಿನ ಅಂತರ 5 ಗಂಟೆಯ ಬದಲು 4 ಗಂಟೆ. ಲಂಡನ್‌ನಿಂದ ಬರಬೇಕಾದ ಫೈಲ್ ಆ ವಾರ ಒಂದು ಗಂಟೆ ತಡ ಅಂತ ಕಾಣುತ್ತದೆ. ರಾತ್ರಿ ಎಬ್ಬಿಸುವ ಅಲಾರ್ಮ್‌ಗಳಲ್ಲಿ ಇಂಥವು ಎಷ್ಟೋ ಇರುತ್ತವೆ.

ಬೆಂಗಳೂರಿನಲ್ಲಿರುವ ನಿಮ್ಮ ತಂಡಕ್ಕೆ ಇದು ಮಧ್ಯರಾತ್ರಿಯ ಕೆಲಸ ಅಲ್ಲ. ನವೆಂಬರ್ 1ರ ಬದಲಾವಣೆ ಯುಟಿಸಿ 6:00ಕ್ಕೆ, ನಮ್ಮಲ್ಲಿ ಭಾನುವಾರ ಬೆಳಿಗ್ಗೆ 11:30. ಮಾರ್ಚ್‌ನದು ಯುಟಿಸಿ 7:00ಕ್ಕೆ, ನಮ್ಮಲ್ಲಿ ಮಧ್ಯಾಹ್ನ 12:30. ಷಿಕಾಗೋ ಸಮಯದ ಎಲ್‌ಪಾರ್ ಇದ್ದರೆ ಇದಕ್ಕೆ ಒಂದು ಗಂಟೆ ಸೇರಿಸಿ. ಚೇಂಜ್ ಟಿಕೆಟ್‌ನಲ್ಲಿ ಪ್ರತಿ ಹೆಜ್ಜೆಯ ಸಮಯವನ್ನು ಯುಟಿಸಿಯಲ್ಲಿ ಬರೆಯಿರಿ, ಪಕ್ಕದಲ್ಲಿ ಭಾರತದ ಸಮಯ ಹಾಕಿ. "1:30ಕ್ಕೆ ಪರಿಶೀಲಿಸಿ" ಅಂತ ನ್ಯೂಯಾರ್ಕ್ ಸಮಯದಲ್ಲಿ ಬರೆದರೆ ಆ ದಿನ ಎರಡು 1:30 ಇವೆ, ನಿಮ್ಮವರು ಒಂದಕ್ಕೆ ನೋಡುತ್ತಾರೆ, ಅಲ್ಲಿನವರು ಇನ್ನೊಂದಕ್ಕೆ ಕಾಯುತ್ತಾರೆ. ಬದಲಾವಣೆಯಾದ ಮೇಲೆ ಪ್ರತಿ ಎಲ್‌ಪಾರ್‌ನಲ್ಲಿ "ಡಿ ಟಿ" ಕೊಟ್ಟು ನೋಡುವುದು, ಯುನಿಕ್ಸ್ ಶೆಲ್‌ನಲ್ಲಿ ಡೇಟ್ ಕೊಟ್ಟು ನೋಡುವುದು, ಒಂದೊಂದು ಸಿಐಸಿಎಸ್ ರೀಜನ್‌ನ ಸಮಯ ನೋಡುವುದು, ಇವು ಟಿಕೆಟ್‌ನಲ್ಲೇ ಇರಲಿ. ಸೋಮವಾರದಿಂದ ನಿಮ್ಮ ಶಿಫ್ಟ್ ಮತ್ತು ಕ್ಯಾಬ್ ಸಮಯವೂ ಒಂದು ಗಂಟೆ ಮುಂದೆ ಹೋಗುತ್ತದೆ, ಏಕೆಂದರೆ ನ್ಯೂಯಾರ್ಕ್ ಜೊತೆಗಿನ ಅಂತರ ಒಂಬತ್ತೂವರೆಯಿಂದ ಹತ್ತೂವರೆ ಗಂಟೆ ಆಗಿರುತ್ತದೆ.

ಕೊನೆಯದಾಗಿ, ದಿನಾಂಕಗಳನ್ನು ಪ್ರೋಗ್ರಾಂ ಒಳಗೆ ಬರೆದಿಡಬೇಡಿ. ಅಮೆರಿಕದ 2005ರ ಇಂಧನ ಕಾಯ್ದೆ ಈ ದಿನಾಂಕಗಳನ್ನು 2007ರಿಂದ ಬದಲಾಯಿಸಿತು. ಅದಕ್ಕೂ ಮೊದಲು ಏಪ್ರಿಲ್‌ನ ಮೊದಲ ಭಾನುವಾರ, ಅಕ್ಟೋಬರ್‌ನ ಕೊನೆಯ ಭಾನುವಾರ ಇತ್ತು. ಆಗ ಎಷ್ಟು ಪ್ರೋಗ್ರಾಂಗಳನ್ನು ತೆರೆದು ತಿದ್ದಬೇಕಾಯಿತು ಅನ್ನುವುದು ಆ ಕಾಲದ ಎಲ್ಲ ಸಿಸ್ಟಂ ಪ್ರೋಗ್ರಾಮರ್‌ಗಳಿಗೂ ನೆನಪಿದೆ. ಮೆಕ್ಸಿಕೋ 2022ರಲ್ಲಿ ಬಹುತೇಕ ಭಾಗಗಳಿಗೆ ಡೇಲೈಟ್ ಸೇವಿಂಗ್ ಅನ್ನೇ ತೆಗೆದುಹಾಕಿತು. ಲೆಬನಾನ್ 2023ರ ಮಾರ್ಚ್‌ನಲ್ಲಿ ಕೆಲವೇ ದಿನ ಇರುವಾಗ ಮುಂದೂಡಿ, ಮತ್ತೆ ಆ ತೀರ್ಮಾನವನ್ನು ಹಿಂದೆ ತೆಗೆದುಕೊಂಡಿತು. ಅಮೆರಿಕದ ಸೆನೆಟ್ 2022ರಲ್ಲಿ ವರ್ಷವಿಡೀ ಒಂದೇ ಸಮಯ ಇರಲಿ ಅಂತ ಮಸೂದೆಗೆ ಒಪ್ಪಿಗೆ ಕೊಟ್ಟಿತು, ಕೆಳಮನೆ ಅದನ್ನು ಎತ್ತಿಕೊಳ್ಳಲಿಲ್ಲ. ಇಂಥದ್ದೊಂದು ಎಂದಾದರೂ ಕಾಯ್ದೆಯಾದರೆ ನೀವು ಮುಟ್ಟಬೇಕಾದ ಜಾಗಗಳು ನಾಲ್ಕೇ ಇರಬೇಕು: ಎಚ್‌ಎಂಸಿಯ ಟೈಮ್‌ಜೋನ್ ಸೆಟ್ಟಿಂಗ್, ಕ್ಲಾಕ್ ಮೆಂಬರ್, ಟಿಜೆಡ್, ಜಾವಾದ ಪಟ್ಟಿ. ನವೆಂಬರ್‌ಗೆ ಹುಡುಕಲು ಕೂತಾಗ ಐದನೇ ಜಾಗ ಸಿಕ್ಕರೆ ಅದನ್ನೂ ರನ್‌ಬುಕ್‌ನಲ್ಲಿ ಬರೆದಿಡಿ, ಪಕ್ಕದಲ್ಲಿ ಯಾಕೆ ಬರೆದಿರಿ ಅನ್ನುವುದನ್ನೂ ಸೇರಿಸಿ.